ಮೊಟ್ಟೆಯ ಭಾರ

ನಲವತ್ತು ಟನ್ನು ಎತ್ತುತ್ತೇನೆ ನಾನು,
ಪಾಳಿಗೆ ನೂರಿನ್ನೂರು ಸಲ,
ಗ್ದಾನ್ಸ್ಕ್ ಬಂದರಿನ ಏಳನೆಯ ಕ್ರೇನಿನ ನೆತ್ತಿಯಲ್ಲಿ ಕೂತು.
ಕೆಳಗೆ ಹಡಗು, ಹಡಗಿನ ಹೊಟ್ಟೆಯಲ್ಲಿ
ಯಾರದೋ ಫ್ರಿಜ್ಜು, ಯಾರದೋ ಸೋಫಾ.
ಗಾಳಿ ಎದ್ದರೆ ಕೈ ತಡೆದು ಕಾಯುವುದು ಗೊತ್ತು.
ಗೊತ್ತಿಲ್ಲದ್ದು ಇದು:
ಮಗನ ಬಾಯಲ್ಲಿ
ಒಂದರ ಹೆಗಲ ಮೇಲೊಂದು ಹತ್ತಿ ಕೂತ ಎರಡು ಹಲ್ಲನ್ನು
ಯಾರ ಕೈಗೆ ಒಪ್ಪಿಸುವುದು?

ಅಕ್ಟೋಬರಿಗೆ ಟಿಮೊನನಿಗೆ ಹನ್ನೆರಡು.
ಹನ್ನೆರಡು ತುಂಬಿದ ಬಾಯಿಗೆ ಸರಕಾರದ ದುಡ್ಡಿಲ್ಲ.
ತುಂಬುವ ಮುನ್ನ ಕೊಡುವ ಗುಲಾಬಿ ಪ್ಲಾಸ್ಟಿಕ್ಕಿಗೆ
ಹದಿನಾಲ್ಕು ತಿಂಗಳ ಸರದಿ.
ಬೆರಳು ಮಡಿಚಿ ಲೆಕ್ಕ ಹಾಕಿದೆ,
ನಗು ಬಂತು.

ಒಲೀವಾದ ಡಾಕ್ಟರಲ್ಲಿ ಗಾಜಿನ ಬಾಗಿಲು, ಪುದೀನ ತೇಲುವ ನೀರು.
ಪರದೆಯ ಮೇಲೆ ಹದಿನೆಂಟರ ಟಿಮೊನನನ್ನು ನಗಿಸಿ ತೋರಿಸಿದರು.
ಯಾರಪ್ಪ ಇವನು,
ನನ್ನ ಮಗನ ಮುಖದಲ್ಲಿ ಬೇರೆ ಮನೆಯ ಹಲ್ಲಿಟ್ಟುಕೊಂಡು?
ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದರು,
ಹಾಗೆನ್ನುತ್ತಲೇ ಕಂತಿನ ಹಾಳೆಯನ್ನು
ನಯವಾಗಿ ನನ್ನತ್ತ ಸರಿಸಿದರು.

"ನಿನ್ನ ಹಲ್ಲೂ ಹೀಗೇ ಇದೆಯಲ್ಲ,
ಯಾರೂ ಮದುವೆಯಾಗದೆ ಬಿಟ್ಟರೇ?"
ಅನ್ನುತ್ತಾಳೆ ಅತ್ತೆ,
ಮದುವೆಯಾಗಿ ಬಿಟ್ಟುಹೋದವನ ತಾಯಿ.

ಇನ್ನೊಬ್ಬ ಡಾಕ್ಟರು ಎಕ್ಸ್-ರೇ ನೋಡಿದರು,
ಹುಡುಗನನ್ನು ನೋಡಲಿಲ್ಲ.
"ನಾಲ್ಕು ಕೀಳೋಣ, ಜಾಗ ಆಗತ್ತೆ."
ಸಿಟ್ಟು ಬಂತು. ಜಾಗ ಸಾಲದೆಂದು
ಸರಕನ್ನು ಕಡಲಿಗೆ ಎಸೆಯುವುದಿಲ್ಲ ನಾವು,
ಮೊದಲು ಜೋಡಿಸಿದ ಬಗೆ ನೋಡುತ್ತೇವೆ.

ಟ್ರಾಮಿನ ಕೊನೆಯ ನಿಲ್ದಾಣ, ಲಿಫ್ಟಿಲ್ಲದ ಮೂರನೆಯ ಮಹಡಿ,
ಡಾಕ್ಟರ್ ಹಾಲ್ಶ್ಕಾ.
ಬಾಯಿ ತೆರೆದರೆ ಕೆಳಸಾಲಿನ ಹಲ್ಲುಗಳು
ಸಾಲಿನಲ್ಲಿ ನಿಂತು ಬೇಸತ್ತವರಂತೆ ವಾಲಿಕೊಂಡಿದ್ದವು.
"ನಿಮ್ಮದೇ ಸೊಟ್ಟ ಇದೆಯಲ್ಲ?" ಎಂದುಬಿಟ್ಟ ಇವನು.
ನೆಲ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.
"ನೆಟ್ಟಗಾಗಿತ್ತು, ಮರಿ.
ಆಮೇಲೆ ರಾತ್ರಿ ಹಾಕಿಕೋ ಎಂದು ಕೊಟ್ಟದ್ದನ್ನು
ಡ್ರಾಯರಿನಲ್ಲಿಟ್ಟು ಮರೆತೆ.
ನಾನು ಮರೆತೆ, ಹಲ್ಲು ಮರೆಯಲಿಲ್ಲ,
ಹಳೆಯ ಜಾಗ ಹುಡುಕಿಕೊಂಡು ಹೋಯಿತು."

ಆಮೇಲೆ ಅವನನ್ನೇ ಕೇಳಿದರು: ನಿನಗೇನು ತೊಂದರೆ ಇದರಿಂದ?

ಮೂರು ಬಗೆಯ ಸಕಾರಗಳಿವೆ ನಮ್ಮ ಭಾಷೆಯಲ್ಲಿ.
ಒಂದು ಇವನ ಬಾಯಲ್ಲಿ ಸಿಳ್ಳೆಯಾಗಿ ಜಾರುತ್ತದೆ, ಅಷ್ಟು ಗೊತ್ತಿತ್ತು ನನಗೆ.
ಬೂಟಿನ ತುದಿ ನೋಡುತ್ತ ಹೇಳಿದ:
ಗೆಳೆಯ ಬಾರ್ತೊಷ್‌ನನ್ನು ಹೆಸರಿಡಿದು ಕರೆಯುವುದನ್ನೇ
ಬಿಟ್ಟಿದ್ದಾನಂತೆ.
ಮೈದಾನದ ಆಚೆ ತುದಿಗೆ ಚೆಂಡು ಬೇಕಾದರೆ
ಕೈ ಬೀಸುತ್ತಾನಂತೆ.
ಎಷ್ಟು ದಿನದಿಂದ?
ಹೋದ ಚಳಿಗಾಲದಿಂದ.

ಒಂದು ಇಡೀ ಚಳಿಗಾಲ ನಾನು ಅಷ್ಟೆತ್ತರದಲ್ಲಿ ಕೂತು
ಬಂದರಿನ ಮೂಲೆಮೂಲೆ ಕಾಣುತ್ತದೆಂದು ನಂಬಿದ್ದೆ.

"ಕೀಳಬೇಕಾಗಬಹುದು, ಎರಡು. ಈಗಲೇ ಹೇಳಲಾರೆ," ಎಂದರು.
ಹೇಳಲಾರೆ ಎಂದದ್ದು ಹಿಡಿಸಿತು.
ಬಾಗಿಲಲ್ಲಿ ನಿಂತು ಕೇಳಿದೆ, ಕಸುಬಿನವಳ ಚಟ,
ಆ ತಂತಿ ಎಷ್ಟು ಭಾರ ಎಳೆಯುತ್ತದೆ?
"ಒಂದು ಕೋಳಿಮೊಟ್ಟೆಯಷ್ಟು.
ಹೆಚ್ಚು ಎಳೆದರೆ ಬೇರು ಕರಗುತ್ತದೆ."

ದುಡ್ಡಿನ ಮಾತು ಬೇರೆ.
ಭಾನುವಾರದ ಪಾಳಿಗಳಿವೆ, ಕಾರು ಮಾರಬಹುದು,
ಅದನ್ನು ಇಲ್ಲಿ ಬರೆಯುವುದಿಲ್ಲ.

ಇನ್ನೆರಡು ವರ್ಷ ಟಾಫಿ ಮುಟ್ಟುವಂತಿಲ್ಲ ಎಂದಿದ್ದರು,
ಇಳಿದವನೇ ಮೂಲೆಯಂಗಡಿಯಲ್ಲಿ ಕಾಲು ಕಿಲೊ ಕಟ್ಟಿಸಿದ.
ಟ್ರಾಮಿನ ಕಿಟಕಿಗೆ ತಲೆಯಾನಿಸಿ
ಸೊಟ್ಟ ಹಲ್ಲೆರಡಕ್ಕೂ ಔತಣ ಬಡಿಸುವವನ ಹಾಗೆ
ಒಂದೊಂದಾಗಿ ಸುಲಿದು ತಿಂದ.
ಒಂದು ನನಗೂ ಚಾಚಿದ.
ನನ್ನ ಹಲ್ಲಿನ ಸಂದಿಗೆ ಅಂಟಿಕೊಂಡದ್ದು
ಮನೆ ಬಂದರೂ ಬಿಡಲಿಲ್ಲ.